ಕಲ್ದಾರ್ ಮತ್ತು ಹಾಲಿ: ರೂಪಾಯಿಯ ಮೇಲಿನ ರಾಜಮುಖ

ಇಂಗ್ಲೆಂಡಿನ ಅರಸರ ಚಿತ್ರಗಳೆಂದೊಡನೆ ವಿದ್ಯಾವಂತರಾದ ನಮ್ಮ ಮನಸ್ಸಿಗೆ ಬರುವುವು ಅರಮನೆಯ ಗೋಡೆಗಳಲ್ಲಿ ಚಿನ್ನದ ಚೌಕಟ್ಟಿನೊಳಗೆ ತೂಗುತ್ತಿರುವ ತೈಲಚಿತ್ರಗಳು, ಉದ್ಯಾನಗಳ ನಡುವೆ ನಿಂತಿರುವ ಅಮೃತಶಿಲೆಯ ಪ್ರತಿಮೆಗಳು. ಆದರೆ ಅರಮನೆಯನ್ನಾಗಲಿ ಉದ್ಯಾನವನ್ನಾಗಲಿ ಎಂದೂ ಕಾಣದಿದ್ದ ಕೋಟ್ಯಂತರ ಜನರ ಕೈಗೆ ಆ ರಾಜರ ಮುಖ ಬಂದದ್ದು ಬೇರೊಂದು ದಾರಿಯಿಂದ. ಅಗಲದಲ್ಲಿ ಒಂದಂಗುಲಕ್ಕೆ ಸ್ವಲ್ಪ ಮಿಗಿಲು, ತೂಕದಲ್ಲಿ ಒಂದು ತೊಲ. ಅದೇ ಬೆಳ್ಳಿಯ ರೂಪಾಯಿ. ಅದನ್ನು ಕಲಾಕೃತಿಯೆಂದು ಯಾರೂ ಕರೆಯಲಿಲ್ಲ. ಆದರೂ ಅದರ ಅಚ್ಚನ್ನು ಕೆತ್ತಿದವರು ಆ ಕಾಲದ ಹೆಸರಾಂತ ಶಿಲ್ಪಿಗಳು. ಈ ನಾಣ್ಯವು ನಮ್ಮ ರಾಯಚೂರು ಸೀಮೆಯಲ್ಲಿ ಇನ್ನೊಂದು ನಾಣ್ಯದೊಡನೆ ಮುಖಾಮುಖಿಯಾದ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿನಲ್ಲಿ, ಕೃಷ್ಣೆಯ ದಡದಲ್ಲಿರುವ ಗೂಗಲ್ಲಿನಂತಹ ಹಳ್ಳಿಯ ಒಕ್ಕಲಿಗನಿಗೆ ರೂಪಾಯಿ ಎಂಬುದು ಒಂದೇ ವಸ್ತುವಾಗಿರಲಿಲ್ಲ. ನಿಜಾಮರ ಟಂಕಸಾಲೆಯಿಂದ ಬಂದದ್ದು ‘ಹಾಲಿ’. ಇಂಗ್ಲಿಷರ ಟಂಕಸಾಲೆಯಿಂದ ಬಂದದ್ದು ‘ಕಲ್ದಾರ್’. ಕಲ್ ಎಂದರೆ ಯಂತ್ರ. ಯಂತ್ರದಲ್ಲಿ ಅಚ್ಚಾದದ್ದು, ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳುಳ್ಳದ್ದು ಎಂಬರ್ಥದಲ್ಲಿ ಆ ಹೆಸರು ಬಂದಿತು. ಹಾಲಿ ರೂಪಾಯಿಗಳು ಏಳಾದರೆ ಕಲ್ದಾರ್ ರೂಪಾಯಿಗಳು ಹೆಚ್ಚುಕಡಿಮೆ ಆರು. ಲೆಕ್ಕದವರ ಮಾತಿನಲ್ಲಿ ಹೇಳುವುದಾದರೆ ನೂರು ಕಲ್ದಾರಿಗೆ ನೂರಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿ. ಆಗಾಗ ಏರಿಳಿಯುತ್ತಿದ್ದ ಈ ದರದ ಅಂತರದಲ್ಲಿಯೇ ಚಿನಿವಾರನ ಬದುಕು ನಡೆಯುತ್ತಿತ್ತು. ತುಂಗಭದ್ರೆಯನ್ನು ದಾಟಿ ಆದವಾನಿಯ ಕಡೆಗೋ ಬಳ್ಳಾರಿಯ ಕಡೆಗೋ ಹೋದವನಿಗೆ, ಅದು ಮದರಾಸು ಸರಕಾರದ ನೆಲವಾದ್ದರಿಂದ, ಕಲ್ದಾರ್ ಬೇಕು. ಹಿಂದಿರುಗಿ ಬಂದರೆ ಹಾಲಿ. ಎರಡು ಸಲವೂ ವಟ್ಟ ತೆರಬೇಕಾದವನು ಅವನೇ.

ಈಗ ಆ ಎರಡು ನಾಣ್ಯಗಳನ್ನು ಅಂಗೈಯಲ್ಲಿ ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಕಲ್ದಾರಿನ ಮೇಲೆ ಒಂದು ಮುಖವಿದೆ. ಹಾಲಿಯ ಮೇಲೆ ಮುಖವಿಲ್ಲ.

ಇದು ಸಣ್ಣ ಸಂಗತಿಯಲ್ಲ. ನಮ್ಮ ನಾಡಿನ ಅರಸರು ಶತಮಾನಗಳ ಕಾಲ ತಮ್ಮ ಮುಖವನ್ನು ನಾಣ್ಯದ ಮೇಲೆ ಹಾಕಿಕೊಂಡವರಲ್ಲ. 1520ರಲ್ಲಿ ಇದೇ ರಾಯಚೂರಿನ ಕೋಟೆಯನ್ನು ಇಸ್ಮಾಯಿಲ್ ಆದಿಲಶಾಹನಿಂದ ಗೆದ್ದುಕೊಂಡ ಕೃಷ್ಣದೇವರಾಯನ ವರಹದ ಮೇಲೆ ಬಾಲಕೃಷ್ಣನಿದ್ದಾನೆ, ರಾಯನಿಲ್ಲ. ಆದಿಲಶಾಹರ ನಾಣ್ಯಗಳಲ್ಲಿ ಬರಹವುಂಟು, ರೂಪವಿಲ್ಲ. ಹೈದರಾಲಿಯು ತನ್ನ ವರಹದ ಮೇಲೆ ಶಿವಪಾರ್ವತಿಯರನ್ನು ಮುಂದುವರಿಸಿದನು. ಟಿಪ್ಪುವಿನ ತಾಮ್ರದ ಕಾಸಿನ ಮೇಲೆ ಆನೆ ನಿಂತಿತು. ರಾಯಚೂರಿನ ಕೋಟೆಯಲ್ಲಿಯೇ ಒಂದು ನಿದರ್ಶನವಿದೆ. ಕಾಕತೀಯರ ಅಧಿಕಾರಿ ಗೋರೆ ಗನ್ನಯ ರೆಡ್ಡಿಯು 1294ರಲ್ಲಿ ಕೋಟೆಯನ್ನು ಕಟ್ಟಿಸಿದುದನ್ನು ಹೇಳುವ ಶಾಸನವಿರುವುದು ಅಲ್ಲಿಯ ಗೋಡೆಯ ಒಂದು ಭಾರಿ ಕಲ್ಲಿನ ಮೇಲೆ. ಅಂಥ ಕಲ್ಲನ್ನು ಬಂಡಿಯ ಮೇಲೇರಿಸಿ, ಸಾಲುಸಾಲಾಗಿ ಕೋಣಗಳನ್ನು ಹೂಡಿ ಎಳೆಸುತ್ತಿರುವ ದೃಶ್ಯವನ್ನೂ ಅಲ್ಲಿ ಗೀರಿ ಬಿಡಿಸಿದ್ದಾರೆ. ಒಡೆಯನ ಹೆಸರುಂಟು, ಕೆಲಸದ ಚಿತ್ರವುಂಟು. ಒಡೆಯನ ಮುಖಕ್ಕೆ ಮಾತ್ರ ಎಡೆಯಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನವು 1915ರಲ್ಲಿ ಮೊದಲು ದೊರೆತದ್ದು ಈ ಸೀಮೆಯ ಮಸ್ಕಿಯಲ್ಲಿ. ಅಲ್ಲಿಯೂ ಹೆಸರು ಮಾತ್ರ.

ಹಾಗೆಂದು ನಮ್ಮವರಿಗೆ ರಾಜನ ರೂಪವನ್ನು ಕೆತ್ತುವ ಕಲೆ ತಿಳಿಯದೆಂದು ಭಾವಿಸಲಾಗದು. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯಿರುವ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ದೊರೆತ ಒಂದು ಫಲಕದಲ್ಲಿ ಅರಸನೂ ಅರಸಿಯೂ ಪರಿವಾರಸಮೇತ ನಿಂತಿದ್ದಾರೆ; ಮೇಲೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕ’ ಎಂದು ಬರೆದಿದೆ. ಶಾತವಾಹನರಲ್ಲಿ ಕೆಲವರ ಬೆಳ್ಳಿಯ ನಾಣ್ಯಗಳ ಮೇಲೂ ಅರಸನ ತಲೆಯುಂಟು. ಕಲೆಯಿತ್ತು, ಮುಂದೆ ಅದನ್ನು ನಾಣ್ಯಕ್ಕೆ ಬಳಸಲಿಲ್ಲ. ದೇವರಿಗೋ ಬರಹಕ್ಕೋ ಆ ಸ್ಥಾನವನ್ನು ಬಿಟ್ಟುಕೊಟ್ಟರು.

ಈಸ್ಟ್ ಇಂಡಿಯಾ ಕಂಪೆನಿಯೂ ಬಹುಕಾಲ ಈ ಮರ್ಯಾದೆಯನ್ನು ಮೀರುವ ಧೈರ್ಯ ಮಾಡಲಿಲ್ಲವೆಂಬುದು ಸ್ವಾರಸ್ಯವಾದ ವಿಷಯ. ದಿಲ್ಲಿಯ ಬಾದಶಹ ಶಾಹ್ ಆಲಮನು 1806ರಲ್ಲಿಯೇ ತೀರಿಕೊಂಡನು. ಆದರೆ ಬಂಗಾಳದಲ್ಲಿ ಕಂಪೆನಿಯ ರೂಪಾಯಿಗಳು 1835ರವರೆಗೂ ಆತನ ಹೆಸರಿನಲ್ಲಿಯೇ, ಆತನ ಆಳ್ವಿಕೆಯ ಹತ್ತೊಂಬತ್ತನೆಯ ವರ್ಷವೆಂದೇ ಅಚ್ಚಾಗುತ್ತಿದ್ದುವು! ರಾಜ್ಯವನ್ನು ಕಸಿದುಕೊಂಡವರಿಗೂ ನಾಣ್ಯ ಚಲಾವಣೆಯಾಗಬೇಕಾದರೆ ಸತ್ತ ಬಾದಶಹನ ಹೆಸರು ಬೇಕಾಯಿತು. 1835ರ ಕಾಯಿದೆಯು ಇದನ್ನು ಮುಗಿಸಿತು. ಅಂದಿನಿಂದ ಕಂಪೆನಿಯ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ರೂಪಾಯಿ. ತೂಕ 180 ಗ್ರೇನು, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಮೇಲೆ ಇಂಗ್ಲೆಂಡಿನ ದೊರೆ ನಾಲ್ಕನೆಯ ವಿಲಿಯಮನ ತಲೆ. ಎಂದೂ ಈ ದೇಶಕ್ಕೆ ಕಾಲಿಡದ ಒಬ್ಬ ವೃದ್ಧ ಅರಸನ ಮುಖವು ಹೀಗೆ ಸಂತೆ ಸಂತೆಗಳಲ್ಲಿ ಎಣಿಕೆಗೆ ಸಿಕ್ಕಿತು.

1840ರಲ್ಲಿ ವಿಕ್ಟೋರಿಯಾ ರಾಣಿಯ ಸರದಿ. ವಿಲಿಯಂ ವಯನ್ ಎಂಬ ಪ್ರಸಿದ್ಧ ಕೆತ್ತನೆಗಾರನ ಕೃತಿಯಾದ ಆ ಮುಖದಲ್ಲಿ ಕಿರೀಟವಿಲ್ಲ. ಕೂದಲನ್ನು ಪಟ್ಟಿಯಿಂದ ಬಿಗಿದು ಹಿಂದಕ್ಕೆ ಗಂಟುಹಾಕಿದ ಎಳೆಯ ಹೆಣ್ಣಿನ ಮುಖ ಅದು. ನನ್ನ ಮಟ್ಟಿಗೆ, ಭಾರತದ ರೂಪಾಯಿಗಳ ಮೇಲೆ ಬಂದ ರಾಜಮುಖಗಳಲ್ಲೆಲ್ಲ ಅತ್ಯಂತ ಸುಂದರವಾದುದು ಇದೇ. ಹಿಂಬದಿಯಲ್ಲಿ ಹೂಮಾಲೆಯ ನಡುವೆ ನಾಣ್ಯದ ಬೆಲೆಯನ್ನು ಇಂಗ್ಲಿಷಿನಲ್ಲಿಯೂ ಪಾರಸಿಯಲ್ಲಿಯೂ ಬರೆದು ಸುತ್ತಲೂ ಕಂಪೆನಿಯ ಹೆಸರನ್ನು ಕೂಡಿಸಿದರು.

ಇಲ್ಲಿ ರಾಯಚೂರಿನ ಇತಿಹಾಸವು ಅಡ್ಡಬರುತ್ತದೆ. ಹೈದರಾಬಾದಿನಲ್ಲಿ ಇರಿಸಿದ್ದ ಸೈನ್ಯದ ವೆಚ್ಚದ ಬಾಕಿಗಾಗಿ 1853ರ ಮೇ ತಿಂಗಳ ಒಪ್ಪಂದದಲ್ಲಿ ನಿಜಾಮರು ವರ್‍ಹಾಡವನ್ನೂ ಧಾರಾಶಿವ ಸೀಮೆಯನ್ನೂ ರಾಯಚೂರು ದೋಆಬನ್ನೂ ಕಂಪೆನಿಯ ವಶಕ್ಕೆ ಒಪ್ಪಿಸಬೇಕಾಯಿತು. ದೇವದುರ್ಗ, ಮಾನ್ವಿಗಳ ಸೀಮೆಯೂ ಹೀಗೆ ಇಂಗ್ಲಿಷರ ಆಡಳಿತಕ್ಕೆ ಬಂದಿತು. 1858ರ ನವೆಂಬರ್ 1ರಂದು ರಾಣಿಯ ಘೋಷಣೆ ಹೊರಟು ಕಂಪೆನಿಯ ಅಧಿಕಾರ ಕೊನೆಗೊಂಡಾಗ ದೋಆಬಿನ ಹಳ್ಳಿಗಳು ನೇರವಾಗಿ ಆಕೆಯ ಆಳ್ವಿಕೆಗೆ ಸೇರಿದ್ದುವು. ಎರಡು ವರ್ಷ ಕಳೆಯುವಷ್ಟರಲ್ಲಿ, 1860ರ ಡಿಸೆಂಬರಿನಲ್ಲಿ, ದೋಆಬು ನಿಜಾಮರಿಗೆ ಮರಳಿತು. ರಾಣಿಯು ಕಿರೀಟ ಧರಿಸಿ ರೂಪಾಯಿಯ ಮೇಲೆ ಕಾಣಿಸಿಕೊಂಡದ್ದು 1862ರಲ್ಲಿ. ಆಕೆಯ ಹೆಸರಿನಲ್ಲಿ ಈ ನೆಲವನ್ನು ಆಳಿದಷ್ಟು ದಿನವೂ ಇಲ್ಲಿ ಚಲಿಸಿದ ಆಕೆಯ ನಾಣ್ಯದ ಮೇಲೆ ಇದ್ದದ್ದು ಕಿರೀಟವಿಲ್ಲದ ತಲೆ ಮತ್ತು ಮುಗಿದುಹೋದ ಕಂಪೆನಿಯ ಹೆಸರು. ಕಿರೀಟದ ರಾಣಿ ಬರುವ ವೇಳೆಗೆ ಊರು ಆಕೆಯದಾಗಿರಲಿಲ್ಲ.

ಆದರೂ ರಾಣಿ ಬಂದಳು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದುವು. ಹತ್ತಿಯೂ ಎಣ್ಣೆಕಾಳೂ ಹೊರಕ್ಕೆ ಹೋಗತೊಡಗಿದ ಮೇಲೆ ಕಲ್ದಾರ್ ಒಳಕ್ಕೆ ಹರಿದುಬಂದಿತು. ರಾಜ್ಯ ನಿಜಾಮರದು, ಪೇಟೆಯ ಥೈಲಿಯಲ್ಲಿ ರಾಣಿ! ಕಿರೀಟ, ಕಂಠಹಾರ, ಹೂಬಳ್ಳಿಯ ಕಸೂತಿಯ ಉಡುಪು, ಇವುಗಳಿಂದ ಕೂಡಿದ ಆ ಅರ್ಧಪ್ರತಿಮೆಯು 1862ರಿಂದ 1901ರವರೆಗೆ ಹೆಚ್ಚಿನ ಬದಲಾವಣೆಯಿಲ್ಲದೆ ಮುಂದುವರಿಯಿತು. 1877ರಲ್ಲಿ ಬರಹ ಮಾತ್ರ ಬದಲಾಗಿ ರಾಣಿಯು ಚಕ್ರವರ್ತಿನಿಯಾದಳು, ಮುಖಕ್ಕೆ ವಯಸ್ಸಾಗಲಿಲ್ಲ. ಇಂಗ್ಲೆಂಡಿನಲ್ಲಿಯಾದರೋ 1893ರಲ್ಲಿ ಥಾಮಸ್ ಬ್ರಾಕ್ ಎಂಬ ಶಿಲ್ಪಿಯು ಮುಸುಕು ಹೊದ್ದ ವೃದ್ಧ ರಾಣಿಯ ಮುಖವನ್ನು ನಾಣ್ಯಗಳಿಗೆ ರಚಿಸಿಕೊಟ್ಟಿದ್ದನು. ಅದು ಭಾರತದ ರೂಪಾಯಿಗೆ ಬರಲೇ ಇಲ್ಲ. ಇಲ್ಲಿಯ ಪ್ರಜೆಗಳ ಪಾಲಿಗೆ ಎಂಬತ್ತು ದಾಟಿದ ರಾಣಿಯೂ ನಲವತ್ತರ ಹೆಂಗಸಾಗಿಯೇ ಉಳಿದಳು.

ಅದೇ ಬ್ರಾಕನ ಕೈಯ ವೃದ್ಧ ರಾಣಿಯನ್ನು ನೋಡಬೇಕೆಂದವರು ಬೆಂಗಳೂರಿನ ಕಬ್ಬನ್ ಉದ್ಯಾನಕ್ಕೆ ಹೋಗಬೇಕು. 1906ರ ಫೆಬ್ರವರಿಯಲ್ಲಿ, ಮುಂದೆ ಐದನೆಯ ಜಾರ್ಜ್ ಎನಿಸಿಕೊಂಡ ವೇಲ್ಸಿನ ರಾಜಕುಮಾರನು ಅನಾವರಣ ಮಾಡಿದ ಆ ಅಮೃತಶಿಲೆಯ ಪ್ರತಿಮೆಯು ರಾಜದಂಡವನ್ನೂ ಗೋಲವನ್ನೂ ಹಿಡಿದು ಇಂದಿಗೂ ಅಲ್ಲಿ ನಿಂತಿದೆ. ಲಂಡನ್ನಿನ ಬಕಿಂಗ್‌ಹ್ಯಾಂ ಅರಮನೆಯ ಮುಂದಣ ವಿಕ್ಟೋರಿಯಾ ಸ್ಮಾರಕವನ್ನು ರಚಿಸಿದವನೂ ಈ ಬ್ರಾಕನೇ. ಕಬ್ಬನ್ ಉದ್ಯಾನದ ಇನ್ನೊಂದೆಡೆಯಲ್ಲಿ ಆಕೆಯ ಮಗ ಏಳನೆಯ ಎಡ್ವರ್ಡನ ಪ್ರತಿಮೆಯಿದೆ. ಅದರ ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್.

ಇನ್ನು ಹಾಲಿಯ ಕಡೆಗೆ ಬರೋಣ. ಹೈದರಾಬಾದಿನ ನಾಣ್ಯಗಳು 1857ರವರೆಗೆ ದಿಲ್ಲಿಯ ಬಾದಶಹನ ಹೆಸರನ್ನು ಹೊತ್ತಿದ್ದುವು. ಬಹಾದೂರ್ ಶಾಹನು ಪದಚ್ಯುತನಾದ ಮೇಲೆ ಆ ಹೆಸರನ್ನು ತೆಗೆಯಬೇಕಾಯಿತು. ಆ ಸ್ಥಳದಲ್ಲಿ ಇಂಗ್ಲೆಂಡಿನ ರಾಣಿಯ ಹೆಸರನ್ನೋ ಮುಖವನ್ನೋ ಹಾಕಿದ್ದರೆ ಕಲ್ಕತ್ತೆಯ ಸರಕಾರಕ್ಕೆ ಸಂತೋಷವಾಗುತ್ತಿತ್ತು. ಅಲ್ವಾರ್, ಬಿಕಾನೇರ್ ಮೊದಲಾದ ಸಂಸ್ಥಾನಗಳವರು ಮುಂದೆ ಹಾಗೆಯೇ ಮಾಡಿದರು. ಅವರ ರೂಪಾಯಿಯ ಒಂದು ಬದಿಯಲ್ಲಿ ವಿಕ್ಟೋರಿಯಾ, ಇನ್ನೊಂದು ಬದಿಯಲ್ಲಿ ತಮ್ಮ ಹೆಸರು. ಹೈದರಾಬಾದು ಮಾಡಲಿಲ್ಲ. ತನ್ನ ವಂಶದ ಮೂಲಪುರುಷನಾದ ನಿಜಾಮ್ ಉಲ್ ಮುಲ್ಕ್ ಆಸಫ್ ಜಾಹನ ಹೆಸರನ್ನು ಅಲ್ಲಿ ಸ್ಥಾಪಿಸಿತು. ಒಂದು ನೂರು ವರ್ಷಕ್ಕೂ ಹಿಂದೆ ತೀರಿಕೊಂಡಿದ್ದ ಆ ಪೂರ್ವಜನ ಹೆಸರಿಗೆ ಲಂಡನ್ನಾಗಲಿ ಕಲ್ಕತ್ತೆಯಾಗಲಿ ಆಕ್ಷೇಪಣೆ ಹೇಳುವುದು ಹೇಗೆ? ಇದಕ್ಕಿಂತ ನಯವಾದ ನಿರಾಕರಣೆಯನ್ನು ನಾನು ಕಂಡಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೈದರಾಬಾದಿನ ಟಂಕಸಾಲೆಯೂ ಹೊಸ ಯಂತ್ರಗಳಿಂದ ರೂಪಾಯಿಗಳನ್ನು ಅಚ್ಚುಹಾಕತೊಡಗಿತು. ಆಗ ಕಲ್ದಾರಿನಲ್ಲಿ ರಾಜಮುಖವಿದ್ದ ಸ್ಥಳಕ್ಕೆ ಇಲ್ಲಿ ಬಂದದ್ದು ಒಂದು ಕಟ್ಟಡ, ಚಾರ್‌ಮಿನಾರ್. ನಿಜಾಮರಿಗೆ ಚಿತ್ರ ತೆಗೆಸಿಕೊಳ್ಳುವುದರಲ್ಲಿ ಸಂಕೋಚವಿತ್ತೆಂದು ಹೇಳುವಂತಿಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿದ್ದ ರಾಜಾ ದೀನದಯಾಳರು ತೆಗೆದ ಛಾಯಾಚಿತ್ರಗಳು ಲೋಕಪ್ರಸಿದ್ಧವಾಗಿವೆ. ಆದರೆ ನಾಣ್ಯದ ಮೇಲೆ ಮುಖವಿಡುವುದು ಬೇರೆ ಮಾತು. ಚಾರ್‌ಮಿನಾರಿನ ನಡುಬಾಗಿಲ ಕಮಾನಿನೊಳಗೆ ಒಂದು ಸಣ್ಣ ಅಕ್ಷರವನ್ನು ಮಾತ್ರ ಇರಿಸಿದರು: ಮಹಬೂಬರ ಕಾಲದಲ್ಲಿ ‘ಮೀಮ್’, 1911ರಿಂದ ಮುಂದೆ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ‘ಐನ್’. ದೊರೆಯು ತನ್ನ ನಗರದ ಬಾಗಿಲಲ್ಲಿ ಒಂದಕ್ಷರವಾಗಿ ನಿಂತನು. ಆ ಕಟ್ಟಡವನ್ನು 1591ರಲ್ಲಿ ಕಟ್ಟಿಸಿದವನು ಆಸಫ್ ಜಾಹಿಗಳವನಲ್ಲ, ಕುತುಬಶಾಹಿ ಸುಲ್ತಾನ ಮುಹಮ್ಮದ್ ಕುಲಿ, ಎಂಬುದನ್ನು ಇಲ್ಲಿ ನೆನೆಯಬಹುದು. ಒಂದು ವಂಶವು ಕಟ್ಟಿದ ಗುರುತನ್ನು ಇನ್ನೊಂದು ವಂಶವು ತನ್ನ ಹಣಕ್ಕೆ ಇಟ್ಟುಕೊಂಡಿತು.

ಮುಖವಿಡುವುದರಲ್ಲಿ ಎಂತಹ ಅಪಾಯವಿದೆಯೆಂಬುದು ಅದೇ 1911ರಲ್ಲಿ ಇಂಗ್ಲಿಷರಿಗೆ ತಿಳಿಯಿತು. ಐದನೆಯ ಜಾರ್ಜನ ಮೊದಲ ರೂಪಾಯಿಯ ಚಿತ್ರವನ್ನು ಬರೆದವನು ಆಸ್ಟ್ರೇಲಿಯದ ಶಿಲ್ಪಿ ಬರ್ಟ್ರಂ ಮೆಕೆನಲ್. ದೊರೆಯ ಎದೆಯ ಮೇಲೆ ‘ಇಂಡಿಯನ್ ಎಂಪೈರ್’ ಪದವಿಯ ಸರವಿದೆ. ಆ ಸರದಲ್ಲಿ ಒಂದು ಆನೆಯ ಬಿಂಬವಿದೆ. ಕಡಲೆಕಾಳಿಗಿಂತ ಕಿರಿದಾದ ಆ ಆನೆಯ ಸೊಂಡಿಲು ಮೋಟಾಗಿ, ನೋಡುವವರ ಕಣ್ಣಿಗೆ ಹಂದಿಯಂತೆ ಕಂಡಿತು. ಪೇಟೆಗಳಲ್ಲಿ ಗುಲ್ಲೆದ್ದಿತು, ಮುಸಲ್ಮಾನರು ಅದನ್ನು ಮುಟ್ಟಲೊಲ್ಲದಾದರು. ಅಚ್ಚಾಗಿದ್ದ ತೊಂಬತ್ತು ಲಕ್ಷಕ್ಕೂ ಮೇಲ್ಪಟ್ಟ ರೂಪಾಯಿಗಳಲ್ಲಿ ಸುಮಾರು ಏಳು ಲಕ್ಷ ಮಾತ್ರ ಹೊರಬಿದ್ದಿದ್ದುವು, ಉಳಿದವನ್ನು ಕರಗಿಸಿದರು. 1912ರ ನಾಣ್ಯದಲ್ಲಿ ಆನೆಗೆ ಸರಿಯಾದ ಸೊಂಡಿಲೂ ಕಿವಿಯೂ ಬಂದುವು. ದಿಲ್ಲಿಯಲ್ಲಿ ದರಬಾರು ನಡೆದ ವರ್ಷದಲ್ಲಿಯೇ, ಸಾಮ್ರಾಜ್ಯದ ವೈಭವಕ್ಕೆಲ್ಲ ಒಂದು ಸೊಂಡಿಲು ಸಾಲದೆ ಹೋಯಿತು!

ಇಂಗ್ಲೆಂಡಿನಲ್ಲಿ ಒಬ್ಬ ಅರಸನ ಮುಖ ಬಲಕ್ಕೆ ತಿರುಗಿದ್ದರೆ ಮುಂದಿನವನ ಮುಖ ಎಡಕ್ಕೆ ತಿರುಗಿರಬೇಕೆಂಬ ಹಳೆಯ ಸಂಪ್ರದಾಯವುಂಟು. ರೂಪಾಯಿಯಲ್ಲಿಯೂ ಅದು ಕಾಣುತ್ತದೆ: ವಿಲಿಯಂ ಬಲಕ್ಕೆ, ವಿಕ್ಟೋರಿಯಾ ಎಡಕ್ಕೆ, ಎಡ್ವರ್ಡ್ ಬಲಕ್ಕೆ, ಐದನೆಯ ಜಾರ್ಜ್ ಎಡಕ್ಕೆ. ಆರನೆಯ ಜಾರ್ಜನೂ ಎಡಕ್ಕೇ ತಿರುಗಿರುವುದೇಕೆ? ನಡುವೆ 1936ರಲ್ಲಿ ಸಿಂಹಾಸನವನ್ನೇರಿ ಅದೇ ವರ್ಷ ಬಿಟ್ಟಿಳಿದ ಎಂಟನೆಯ ಎಡ್ವರ್ಡನ ಸರದಿಯನ್ನು ಬಲಕ್ಕೆಂದು ಎಣಿಸಿಕೊಂಡರು. ಅವನ ಮುಖದ ರೂಪಾಯಿ ಹೊರಬರಲೇ ಇಲ್ಲ.

ಎರಡನೆಯ ಮಹಾಯುದ್ಧವು ಈ ಮುಖಗಳ ಕಥೆಯನ್ನು ಬೇಗ ಮುಗಿಸಿತು. ಜನರು ಬೆಳ್ಳಿಯ ರೂಪಾಯಿಗಳನ್ನು ಹೂಳಿಡತೊಡಗಿದರು. 1940ರಲ್ಲಿ ಸರಕಾರವು ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಒಂದು ರೂಪಾಯಿಯ ಕಾಗದದ ನೋಟನ್ನು ಹೊರಡಿಸಿ, ನಂಬಿಕೆಗಾಗಿ ಅದರ ಮೇಲೆ ಬೆಳ್ಳಿಯ ರೂಪಾಯಿಯ ಚಿತ್ರವನ್ನೇ ಅಚ್ಚುಹಾಕಿತು. ಬಳಿಕ 1941ರಿಂದ 1943ರೊಳಗಾಗಿ ಮೊದಲು ವಿಕ್ಟೋರಿಯಾ, ಆಮೇಲೆ ಎಡ್ವರ್ಡ್, ಕೊನೆಗೆ ಜಾರ್ಜರ ಹಳೆಯ ಬೆಳ್ಳಿಯ ರೂಪಾಯಿಗಳು ಚಲಾವಣೆಯ ಹಕ್ಕನ್ನು ಕಳೆದುಕೊಂಡುವು. 1947ರ ರೂಪಾಯಿಯು ನಿಕಲ್ ಲೋಹದ್ದಾಯಿತು. ಗಡುವಿನೊಳಗೆ ಖಜಾನೆಗೆ ಒಯ್ಯಲಾರದೆ ಹೋದವರ ಪಾಲಿಗೆ ರಾಣಿಯ ರೂಪಾಯಿ ಅಂದಿನಿಂದ ಹಣವಲ್ಲ, 165 ಗ್ರೇನು ಬೆಳ್ಳಿ.

ಬೆಳ್ಳಿಯೆಂದೇ ಅದನ್ನು ಮೊದಲಿನಿಂದಲೂ ಎಣಿಸಿದ್ದವರು ನಮ್ಮ ಹೆಂಗಸರು. ವೆನಿಸಿನ ಚಿನ್ನದ ನಾಣ್ಯದಲ್ಲಿ ಸಂತ ಮಾರ್ಕನ ಮುಂದೆ ಮೊಣಕಾಲೂರಿರುವ ಅಲ್ಲಿಯ ಅಧಿಪತಿಯನ್ನು ಬೊಂಬೆಯೆಂದು ತಿಳಿದು, ಅದಕ್ಕೆ ಪುತಳಿಯೆಂದು ಹೆಸರಿಟ್ಟು ಸರವಾಗಿ ಪೋಣಿಸಿಕೊಂಡವರಿಗೆ ವಿಕ್ಟೋರಿಯಾ ರಾಣಿ ಯಾವ ಲೆಕ್ಕ? ಅಕ್ಕಸಾಲಿಗನು ರಾಣಿಯ ಕಿರೀಟದ ಮೇಲೆ ಒಂದು ಬಳೆಯನ್ನು ಬೆಸೆದು ಕೊಟ್ಟನು. ಬೆಳ್ಳಿಯ ಗುಂಡುಗಳ ನಡುವೆ ಅದು ಕೊರಳಿಗೆ ಬಂದಿತು. ಬಳೆಯನ್ನು ಬೆಸೆದ ಮೇಲೆ ಚಿನಿವಾರನು ಅದನ್ನು ರೂಪಾಯಿಯೆಂದು ಒಪ್ಪಿಕೊಳ್ಳುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಹಳೆಯ ಪೆಟ್ಟಿಗೆಗಳಿಂದ ಇಂದಿಗೂ ಹೊರಬರುವ ಅಂತಹ ಸರಗಳಲ್ಲಿ ಎಷ್ಟೋ ಮುಖಗಳು ಸವೆದು, ಕಣ್ಣು ಮೂಗುಗಳು ಅಳಿಸಿ, ಕಿರೀಟದ ಅಂಚು ಮಾತ್ರ ಬೆರಳಿಗೆ ಹತ್ತುತ್ತದೆ.