ಊರು ಅಲ್ಲೇ, ಜಿಲ್ಲೆ ಬೇರೆ: ಸ್ಕಾಲರ್‌ಶಿಪ್ ಅರ್ಜಿಯ ಹಿಂದಿನ ಕತೆ

ಮಗ ಅಥವಾ ಮಗಳು ಕಾಲೇಜಿಗೆ ಸೇರುವ ಹೊತ್ತಿಗೆ ಮನೆಯಲ್ಲಿ ಎರಡು ಚಿಂತೆ. ಒಂದು ಫೀಸು, ಇನ್ನೊಂದು ಆ ಫೀಸಿಗೆ ಸಹಾಯ ಕೇಳುವ ಅರ್ಜಿ. ಅರ್ಜಿಯಲ್ಲಿ ‘ನೀವು ಎಲ್ಲಿಯವರು’ ಎಂಬ ಸಣ್ಣ ಪ್ರಶ್ನೆ ಇರುತ್ತದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ನಮಗೆ ಅದು ಸಣ್ಣ ಪ್ರಶ್ನೆಯಲ್ಲ. ಇವತ್ತು ಅದರ ಚರಿತ್ರೆ ಹೇಳುತ್ತೇನೆ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯವು, ತಾಂಡೂರು ಗುಲಬರ್ಗಾ ಜಿಲ್ಲೆಯದು. ಆಗಲೂ ಸರ್ಕಾರಿ ನೌಕರಿಗೆ ‘ಮುಲ್ಕಿ’ ಆಗಿರಬೇಕಿತ್ತು. ಮುಲ್ಕಿ ಎಂದರೆ ಸಂಸ್ಥಾನದ ನೆಲದವನು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಆಯಿತು. ಬೀದರ, ಗುಲಬರ್ಗಾ ಮೈಸೂರಿಗೆ ಹೋದವು. ನಮ್ಮ ಈ ಮೂರೂ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಮನೆ, ಹೊಲ, ಬೀಗರು ಎಲ್ಲ ಇದ್ದಲ್ಲೇ ಇದ್ದರು. ಕಾಗದದ ಮೇಲಿನ ಹೆಸರು ಮಾತ್ರ ಬದಲಾಯಿತು. ಆಮೇಲೂ ಬದಲಾಗುತ್ತಲೇ ಬಂತು. ತಾಂಡೂರು 1978ರಲ್ಲಿ ರಂಗಾರೆಡ್ಡಿ ಜಿಲ್ಲೆ, 2016ರಲ್ಲಿ ವಿಕಾರಾಬಾದ್ ಜಿಲ್ಲೆ. ಜಹೀರಾಬಾದ್, ನಾರಾಯಣಖೇಡ ಮೆದಕ್ ಜಿಲ್ಲೆಯಲ್ಲಿದ್ದು, 2016ರಿಂದ ಸಂಗಾರೆಡ್ಡಿ ಜಿಲ್ಲೆ.

ಕಾಲೇಜು ಓದಿಗೆ ಸರ್ಕಾರದ ಸಹಾಯವೂ ಹಳೆಯದೇ. 1944ರಲ್ಲಿ, ಡಾ. ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿದ್ದಾಗ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಆಂಧ್ರಪ್ರದೇಶದಲ್ಲಿ 2008ರಲ್ಲಿ ಫೀಸು ಮರುಪಾವತಿ ವಿಸ್ತಾರವಾಯಿತು, ಹಿಂದುಳಿದ ವರ್ಗದ ಅನೇಕರು ಇಂಜಿನಿಯರಿಂಗ್ ಮೆಟ್ಟಿಲು ಹತ್ತಿದರು. ಈಗ ಅರ್ಜಿ ಈ-ಪಾಸ್ ಮೂಲಕ.

2014ರ ಜುಲೈಯಲ್ಲಿ ಹೊಸ ತೆಲಂಗಾಣ ಸರ್ಕಾರ ‘ಫಾಸ್ಟ್’ ಎಂಬ ಯೋಜನೆ ತಂದಿತು. ಷರತ್ತು ಏನು? ಕುಟುಂಬ 1956ರ ನವೆಂಬರ್ 1ಕ್ಕಿಂತ ಮೊದಲೇ ತೆಲಂಗಾಣದಲ್ಲಿ ನೆಲೆಸಿರಬೇಕು. ಸ್ವಲ್ಪ ಯೋಚಿಸಿ. ನಮ್ಮ ತಾಲ್ಲೂಕುಗಳು ಈ ಕಡೆಗೆ ಬಂದದ್ದೇ ಆ ದಿನ! ಅಜ್ಜನ ಹಳೆಯ ಕಾಗದದಲ್ಲಿ ಬೀದರ ಜಿಲ್ಲೆ ಎಂದೇ ಬರೆದಿರುತ್ತದೆ. ಹೈಕೋರ್ಟಿನಲ್ಲಿ ಆಕ್ಷೇಪಣೆ ಎದ್ದ ಮೇಲೆ ಸರ್ಕಾರ ಆ ಯೋಜನೆಯನ್ನು ಹಿಂತೆಗೆದುಕೊಂಡಿತು. ಆದರೆ ಅದು ಕಲಿಸಿದ ಪಾಠ ಉಳಿಯಿತು.

ಇನ್ನೊಂದು ಗಂಟು ಇದೆ. ಸಂವಿಧಾನದ 371-ಡಿ ವಿಧಿಯ ಕೆಳಗೆ 1974ರಲ್ಲಿ ಬಂದ ಆದೇಶದ ಪ್ರಕಾರ, ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷ ಇಲ್ಲೇ ಓದಿದವನು ‘ಲೋಕಲ್’. ಕನ್ನಡದ ಪ್ರೀತಿಯಿಂದ ಬೀದರಿನಲ್ಲಿ ಪಿಯುಸಿ ಓದಿಸಿದರೆ ಆ ಸರಪಳಿ ಕಡಿಯುತ್ತದೆ. ಆಚೆ ಕಡೆಯೋ? 2012ರ ತಿದ್ದುಪಡಿಯ 371-ಜೆ ಬೀದರ, ಕಲಬುರ್ಗಿ ಮೊದಲಾದ ಜಿಲ್ಲೆಗಳಿಗೆ ಸೌಲಭ್ಯ ತಂದಿತು. 1956ರಲ್ಲೇ ಬೇರೆಯಾದ ನಮ್ಮ ತಾಲ್ಲೂಕು ಆ ನಕ್ಷೆಯಲ್ಲಿಲ್ಲ. ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಎರಡು ವಿಧಿ, ನಡುವೆ ನಮ್ಮ ಹುಡುಗ.

ಆದ್ದರಿಂದ ಒಂದು ಮಾತು. ಓದಿನ ಊರನ್ನು ಆರಿಸುವ ಮೊದಲೇ ಈ ನಾಲ್ಕು ವರ್ಷದ ಲೆಕ್ಕ ಹಾಕಿ. ಪ್ರತಿ ತರಗತಿಯ ಬೊನಾಫೈಡ್ ಸರ್ಟಿಫಿಕೇಟ್ ಎತ್ತಿಡಿ. ಜಾತಿ, ಆದಾಯದ ಪತ್ರಗಳನ್ನು ಮೀ-ಸೇವಾದಲ್ಲಿ ಮುಂಚೆಯೇ ಮಾಡಿಸಿ. ಬ್ಯಾಂಕಿನ ಕೌಂಟರಿನಲ್ಲಿ ನಾನು ನೋಡಿದ ಸಾಮಾನ್ಯ ತೊಂದರೆ ಹಣದ್ದಲ್ಲ, ಹೆಸರಿನದು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಕ್ಷರ, ಆಧಾರಿನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಹೆಸರು ಮೂರೂ ಕಡೆ ಒಂದೇ ಇರಲಿ. ಅಜ್ಜನ ಉರ್ದು ಕಾಗದವನ್ನು ಗೆದ್ದಲಿಗೆ ಬಿಡಬೇಡಿ. ನಕ್ಷೆ ನಮ್ಮ ಊರ ಹೆಸರನ್ನು ಎಷ್ಟು ಸಲ ಬದಲಿಸಿದರೂ, ನಾವು ಇಲ್ಲಿಯವರು ಎಂದು ಹೇಳುವ ಸಾಕ್ಷಿ ಅದು.