ಜೇಡರ ಹುಳು ಮತ್ತು ನಾರುಬಟ್ಟೆಯ ನೇಕಾರ: ಹಾಸುಬಲೆ ಜೇಡಗಳ ವರ್ಗೀಕರಣದ ಚರಿತ್ರೆ

1. ಪ್ರವೇಶ

ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯ ಬಿಡದಿ ಕೈಗಾರಿಕಾ ಪ್ರದೇಶ ಕಳೆದ ಮೂರು ದಶಕಗಳಲ್ಲಿ ಹೊಲ, ಬೇಲಿ, ಗೋಮಾಳಗಳ ನಡುವೆ ಬೆಳೆದು ನಿಂತ ನೆಲ. 1999ರಲ್ಲಿ ಇಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ವಾಹನಗಳ ಉತ್ಪಾದನೆ ಆರಂಭಿಸಿದ ಮೇಲೆ ಬಿಡದಿಯ ಹೆಸರು ದೇಶದ ಕೈಗಾರಿಕಾ ಭೂಪಟದಲ್ಲಿ ಸ್ಥಿರವಾಯಿತು. ಇಂತಹ ನೆಲದಲ್ಲೂ ಕಟ್ಟಡವೇಳದ ನಿವೇಶನಗಳ ಹುಲ್ಲಿನ ಮೇಲೆ ಚಳಿಗಾಲದ ಇಬ್ಬನಿ ಬಿದ್ದಾಗ ಬಿಳಿಯ ಬಟ್ಟೆಯ ತುಂಡುಗಳಂತೆ ಹರಡಿದ ಜೇಡರ ಬಲೆಗಳು ಕಾಣುತ್ತವೆ. ಚಕ್ರಾಕಾರವಾಗಿರದೆ ಚಾಪೆಯಂತೆ ಹಾಸಿಕೊಂಡಿರುವುದರಿಂದ ಇವನ್ನು ಪ್ರಸ್ತುತ ಲೇಖನದಲ್ಲಿ ‘ಹಾಸುಬಲೆ’ ಎಂದು ಕರೆಯಲಾಗಿದೆ.

ಹಾಸುಬಲೆ ನೇಯುವ ಜೇಡಗಳನ್ನು ಮನುಷ್ಯರು ಯಾವ ಯಾವ ತತ್ತ್ವಗಳ ಮೇಲೆ ವಿಂಗಡಿಸಿದರು, ಆ ವಿಂಗಡಣೆಯ ಹಿಂದೆ ಯಾರಿದ್ದರು, ಅದರಲ್ಲಿ ನಮ್ಮ ನಾಡಿನ ಪಾಲು ಏನು ಎಂಬುದು ಇಲ್ಲಿಯ ವಿಚಾರ. ಜಾನಪದ ಅಧ್ಯಯನಕ್ಕೂ ಪ್ರಾಣಿಶಾಸ್ತ್ರದ ಕುಲ–ಪ್ರಭೇದಗಳಿಗೂ ಏನು ಸಂಬಂಧವೆಂಬ ಪ್ರಶ್ನೆ ಏಳುವುದು ಸಹಜ. ಹೆಸರಿಡುವುದು ಮತ್ತು ಗುಂಪು ಮಾಡುವುದು ಜನಪದರ ಜ್ಞಾನದ ಮೂಲ ವ್ಯಾಪಾರಗಳು. ವಿಜ್ಞಾನಿಗಳೂ ಅದೇ ಕೆಲಸದಿಂದ ಆರಂಭಿಸಿದರು ಎಂಬುದನ್ನು ಈ ಚರಿತ್ರೆ ತೋರಿಸುತ್ತದೆ.

2. ಕಸುಬಿನ ಹೆಸರು, ನಂಜಿನ ಹೆಸರು

ಕನ್ನಡದಲ್ಲಿ ‘ಜೇಡ’ ಎಂಬ ಪದಕ್ಕೆ ನೇಕಾರ ಎಂಬ ಅರ್ಥವೂ ಉಂಟು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಈ ಎರಡೂ ಅರ್ಥಗಳನ್ನು ದಾಖಲಿಸಿದೆ. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿ ಇರುವುದು ಈ ಕಸುಬಿನ ಅರ್ಥವೇ. ಆದ್ದರಿಂದ ‘ಜೇಡರ ಹುಳು’ ಎಂದರೆ ನೇಕಾರರ ಹುಳು, ನೇಯುವ ಹುಳು. ನೆರೆಯ ತೆಲುಗಿನ ‘ಸಾಲೆಪುರುಗು’ ಎಂಬ ಪದದ ರಚನೆಯೂ ಇದೇ ಬಗೆಯದು. ಅಲ್ಲಿಯೂ ‘ಸಾಲೆ’ ಎಂದರೆ ನೇಕಾರ, ‘ಪುರುಗು’ ಎಂದರೆ ಹುಳು. ಸಂಸ್ಕೃತದ ‘ತಂತುವಾಯ’ ಪದವೂ ನೇಕಾರನಿಗೂ ಜೇಡಕ್ಕೂ ಸಲ್ಲುತ್ತದೆ. ದೇಹದ ಆಕಾರವನ್ನು ಬಿಟ್ಟು ಮಾಡುವ ಕೆಲಸವನ್ನು ಹಿಡಿದು ಹೆಸರಿಡುವುದು ಈ ಪದಗಳ ಸಮಾನ ಲಕ್ಷಣ.

ಇದಕ್ಕೆ ಭಿನ್ನವಾದ ಇನ್ನೊಂದು ತತ್ತ್ವ ವೈದ್ಯ ಪರಂಪರೆಯಲ್ಲಿದೆ. ಸುಶ್ರುತ ಸಂಹಿತೆಯ ಕಲ್ಪಸ್ಥಾನ ‘ಲೂತಾ’ಗಳನ್ನು ಹದಿನಾರು ಬಗೆಯಾಗಿ ಎಣಿಸಿ, ಅವುಗಳ ವಿಷಬಾಧೆ ಕಷ್ಟದಿಂದ ವಾಸಿಯಾಗುವಂಥದೋ ವಾಸಿಯಾಗದಂಥದೋ ಎಂಬುದರ ಮೇಲೆ ಎಂಟೆಂಟರ ಎರಡು ಗುಂಪು ಮಾಡುತ್ತದೆ. ಇಲ್ಲಿ ಬಲೆಯ ಆಕಾರ ಮುಖ್ಯವಲ್ಲ; ರೋಗಿಯ ಗತಿ ಮುಖ್ಯ. ಪ್ರತಿಯೊಂದು ವರ್ಗೀಕರಣವೂ ಅದನ್ನು ಮಾಡುವವರ ಅಗತ್ಯದಿಂದ ಹುಟ್ಟುತ್ತದೆ ಎಂಬುದಕ್ಕೆ ಈ ಎರಡು ಉದಾಹರಣೆಗಳು ಸಾಕು.

ಎಂಟು ಕಾಲಿನ ಪ್ರಾಣಿಯನ್ನು ‘ಹುಳು’ ಎಂದು ಕರೆಯುವುದು ಅವೈಜ್ಞಾನಿಕವೆಂಬ ಆಕ್ಷೇಪವೊಂದುಂಟು. ಸ್ವೀಡನ್ನಿನ ಲಿನೇಯಸ್ 1758ರ ತಮ್ಮ ಗ್ರಂಥದಲ್ಲಿ ಜೇಡಗಳನ್ನು ಕೀಟಗಳ ಜೊತೆಯಲ್ಲೇ ಇಟ್ಟಿದ್ದರು. ಎಲ್ಲ ಜೇಡಗಳಿಗೂ ‘ಅರೇನಿಯ’ ಎಂಬ ಒಂದೇ ಕುಲ ಸಾಕಾಗಿತ್ತು. ಫ್ರಾನ್ಸಿನ ಲಾಮಾರ್ಕ್ 1801ರಲ್ಲಿ ಅಷ್ಟಪದಿಗಳನ್ನು ಬೇರ್ಪಡಿಸಿದರು. ಅಲ್ಲಿಯವರೆಗೆ ಯುರೋಪಿನ ಪಂಡಿತರಿಗೂ ಜೇಡ ಹುಳುವೇ ಆಗಿತ್ತು.

3. ಅಗಸೆನಾರಿನ ನೇಕಾರ

ಜೇಡಗಳ ವೈಜ್ಞಾನಿಕ ನಾಮಕರಣ ಲಿನೇಯಸರಿಗಿಂತ ಒಂದು ವರ್ಷ ಮೊದಲೇ ಆರಂಭವಾಗುತ್ತದೆ. ಸ್ಟಾಕ್‌ಹೋಂನ ಕಾರ್ಲ್ ಕ್ಲರ್ಕ್ 1757ರಲ್ಲಿ ಸ್ವೀಡನ್ನಿನ ಜೇಡಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ದ್ವಿನಾಮ ಪದ್ಧತಿಯಲ್ಲಿ ಅವುಗಳಿಗೆ ಹೆಸರಿಟ್ಟರು. ಪ್ರಾಣಿಗಳ ಹೆಸರುಗಳಿಗೆ 1758ರ ಹಿಂದಿನ ಮಾನ್ಯತೆ ಇಲ್ಲವೆಂಬುದು ಅಂತರರಾಷ್ಟ್ರೀಯ ನಿಯಮ. ಕ್ಲರ್ಕರ ಹೆಸರುಗಳಿಗೆ ಮಾತ್ರ ವಿನಾಯಿತಿ ದೊರೆತಿದೆ. ಅವರು ಹೆಸರಿಸಿದ ಹಾಸುಬಲೆ ಜೇಡವೇ ಇಂದಿನ ಲಿನಿಫಿಯ ಟ್ರಯಾಂಗ್ಯುಲಾರಿಸ್. ‘ಲಿನಿಫಿಯ’ ಎಂಬ ಕುಲವನ್ನು ಫ್ರಾನ್ಸಿನ ಲಾಟ್ರೇ 1804ರಲ್ಲಿ ಸ್ಥಾಪಿಸಿದರು. ಇದರ ಗ್ರೀಕ್ ಮೂಲದ ಅರ್ಥ ಅಗಸೆನಾರಿನ ಬಟ್ಟೆ ನೇಯುವವನು ಎಂದು. ಕನ್ನಡದ ‘ಜೇಡ’ ಹುಟ್ಟಿದ ದಾರಿಯಲ್ಲೇ ಈ ಶಾಸ್ತ್ರೀಯ ನಾಮವೂ ಹುಟ್ಟಿದೆ ಎಂಬುದು ಗಮನಾರ್ಹ.

ಈ ಕುಲವನ್ನು ಆಧರಿಸಿ ಲಿನಿಫಿಯಿಡೆ ಎಂಬ ಕುಟುಂಬವನ್ನು 1859ರಲ್ಲಿ ಸ್ಥಾಪಿಸಿದವರು ಇಂಗ್ಲೆಂಡಿನ ಜಾನ್ ಬ್ಲ್ಯಾಕ್‌ವಾಲ್ (1790–1881). ಮ್ಯಾಂಚೆಸ್ಟರಿನಲ್ಲಿ ಐರ್ಲೆಂಡಿನ ನಾರುಬಟ್ಟೆ ತರಿಸುವ ತಂದೆಯ ವ್ಯಾಪಾರದಲ್ಲಿ ಪಾಲುದಾರರಾಗಿದ್ದ ಅವರು, ಬಳಿಕ ಉತ್ತರ ವೇಲ್ಸಿನಲ್ಲಿ ನೆಲೆಸಿ ಜೇಡಗಳ ಅಧ್ಯಯನದಲ್ಲಿ ತೊಡಗಿದರು. ನಾರುಬಟ್ಟೆಯ ವ್ಯಾಪಾರಿಯೊಬ್ಬರು ‘ನಾರುಬಟ್ಟೆಯ ನೇಕಾರ’ರ ಕುಟುಂಬಕ್ಕೆ ಹೆಸರಿಟ್ಟದ್ದು ಆಕಸ್ಮಿಕವಿರಬಹುದು. ಆದರೆ ಆ ಕಾಲದ ಜೇಡಶಾಸ್ತ್ರ ವಿಶ್ವವಿದ್ಯಾಲಯಗಳ ಹೊರಗೆ ಬೆಳೆಯಿತೆಂಬುದು ಇದರಿಂದ ತಿಳಿಯುತ್ತದೆ. ಇದೇ ಕಾಲದ ಮತ್ತೊಬ್ಬ ಪ್ರಮುಖ ವಿದ್ವಾಂಸರಾದ ಆಕ್ಟೇವಿಯಸ್ ಪಿಕಾರ್ಡ್-ಕೇಂಬ್ರಿಜ್ (1828–1917) ಡಾರ್ಸೆಟ್ ಸೀಮೆಯ ಹಳ್ಳಿಯೊಂದರ ಪಾದ್ರಿಯಾಗಿದ್ದರು.

4. ಬಲೆಯಿಂದ ದೇಹಕ್ಕೆ

ಹೆಸರು ಕಸುಬಿನಿಂದ ಬಂದರೂ ವರ್ಗೀಕರಣ ಬಹುಕಾಲ ಕಸುಬಿನ ಮೇಲೆ ನಿಲ್ಲಲಿಲ್ಲ. ಲಿನಿಫಿಯಿಡೆ ಜೇಡಗಳಲ್ಲಿ ಬಹುಪಾಲು ಕೆಲವೇ ಮಿಲಿಮೀಟರು ಉದ್ದದವು. ಹೊರನೋಟಕ್ಕೆ ಒಂದರಂತೆ ಇನ್ನೊಂದು ಕಾಣುವ ಇವುಗಳನ್ನು ಬೇರ್ಪಡಿಸಲು ಗಂಡುಜೇಡದ ಬಾಯಿಯ ಬಳಿಯ ಸ್ಪರ್ಶಾಂಗದ ತುದಿಯಲ್ಲಿರುವ ಸಂಯೋಗದ ಅಂಗರಚನೆಯೂ ಹೆಣ್ಣಿನ ಜನನಾಂಗದ ರಚನೆಯೂ ಮುಖ್ಯ ಆಧಾರಗಳಾದವು. ಫ್ರಾನ್ಸಿನ ಯೂಜೀನ್ ಸಿಮೋನ್ (1848–1924) 1892ರಿಂದ 1903ರವರೆಗೆ ಹೊರತಂದ ಬೃಹತ್ ಗ್ರಂಥದಲ್ಲಿ ಇವನ್ನು ಸ್ವತಂತ್ರ ಕುಟುಂಬವೆಂದು ಒಪ್ಪದೆ, ಚಕ್ರಬಲೆ ಜೇಡಗಳೊಂದಿಗೆ ಆರ್ಜಿಯೋಪಿಡೆ ಎಂಬ ದೊಡ್ಡ ಕುಟುಂಬದಲ್ಲಿ ಸೇರಿಸಿದರು. ಮುಂದಿನ ವಿದ್ವಾಂಸರು ಬ್ಲ್ಯಾಕ್‌ವಾಲರ ಕುಟುಂಬವನ್ನೇ ಉಳಿಸಿಕೊಂಡರು. ಪೀಟರ್ ಮೆರೆಟ್ 1963ರಲ್ಲಿ, ಎ.ಎಫ್. ಮಿಲಿಜ್ 1977ರಲ್ಲಿ ಗಂಡಿನ ಸ್ಪರ್ಶಾಂಗದ ರಚನೆಯನ್ನು ವಿವರವಾಗಿ ಹೋಲಿಸಿದರು. ಗುಸ್ತಾವೊ ಹೋರ್ಮಿಗಾ 1994ರಲ್ಲಿ ವಂಶಾವಳಿಯ ವಿಶ್ಲೇಷಣೆಯ ವಿಧಾನದಿಂದ ಈ ಕುಟುಂಬದ ಒಳಸಂಬಂಧಗಳನ್ನು ನಿರೂಪಿಸಿದರು.

ಇಂದು ಬರ್ನ್ ನಗರದ ಪ್ರಕೃತಿ ಚರಿತ್ರೆಯ ಸಂಗ್ರಹಾಲಯ ನಿರ್ವಹಿಸುವ ವಿಶ್ವ ಜೇಡ ಸೂಚಿಯ ಪ್ರಕಾರ ಲಿನಿಫಿಯಿಡೆಯಲ್ಲಿ 4,800ಕ್ಕೂ ಹೆಚ್ಚು ಪ್ರಭೇದಗಳಿವೆ. ನೆಗೆಯುವ ಜೇಡಗಳ ಕುಟುಂಬವನ್ನು ಬಿಟ್ಟರೆ ಇದೇ ಅತಿ ದೊಡ್ಡದು. ಈ ಸೂಚಿಯನ್ನು 2000ದಿಂದ 2014ರವರೆಗೆ ಅಮೆರಿಕದ ನಾರ್ಮನ್ ಪ್ಲಾಟ್‌ನಿಕ್ (1951–2020) ಸಂಪಾದಿಸುತ್ತಿದ್ದರು. ಅದರ ಹಿಂದೆ ಜರ್ಮನಿಯ ರೋವರ್, ಫ್ರಾನ್ಸಿನ ಬೊನೆ ಮೊದಲಾದವರು ಕೈಯಿಂದ ಸಿದ್ಧಪಡಿಸಿದ ಸೂಚಿಗಳ ಶ್ರಮವಿದೆ.

5. ವಜ್ರಕರೂರಿನ ಜೇಡಗಳು

ಈ ಚರಿತ್ರೆಯಲ್ಲಿ ನಮ್ಮ ಸೀಮೆ ಕಾಣಿಸಿಕೊಳ್ಳುವುದು ಅನಿರೀಕ್ಷಿತ ರೀತಿಯಲ್ಲಿ. 1880ರ ದಶಕದಲ್ಲಿ ಫ್ರಾನ್ಸಿನ ಭೂವಿಜ್ಞಾನಿ ಶಾಪೆರ್ ವಜ್ರದ ನಿಕ್ಷೇಪಗಳನ್ನು ಪರಿಶೀಲಿಸಲು ಗುಂತಕಲ್ಲಿನ ಬಳಿಯ ವಜ್ರಕರೂರಿಗೆ ಬಂದಿದ್ದರು. ಅಲ್ಲಿ ಅವರು ಸಂಗ್ರಹಿಸಿದ ಜೇಡಗಳನ್ನು ಸಿಮೋನ್ 1885ರಲ್ಲಿ ವರ್ಣಿಸಿದರು. ಆ ಲೇಖನದ ಶೀರ್ಷಿಕೆಯಲ್ಲಿ ಸ್ಥಳ ‘ಬಳ್ಳಾರಿ ಜಿಲ್ಲೆ’ ಎಂದಿದೆ. ಇಂದು ಅದು ಆಂಧ್ರದ ಅನಂತಪುರ ಜಿಲ್ಲೆಗೆ ಸೇರಿದ ಗಡಿನಾಡು. ಶೀರ್ಷಿಕೆ ಸಂಗ್ರಾಹಕರ ಹೆಸರನ್ನು ಹೇಳುತ್ತದೆ. ಆ ಜೇಡಗಳನ್ನು ಊರಿನವರು ಏನೆಂದು ಕರೆಯುತ್ತಿದ್ದರು ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ವಸಾಹತು ಕಾಲದ ಪ್ರಾಣಿಶಾಸ್ತ್ರದ ದಾಖಲೆಗಳು ಊರಿನ ಹೆಸರನ್ನು ಉಳಿಸಿ ಊರಿನವರ ಮಾತನ್ನು ಬಿಟ್ಟುಬಿಟ್ಟ ಕ್ರಮಕ್ಕೆ ಇದೊಂದು ನಿದರ್ಶನ.

ಅದೇ 1885ರಲ್ಲಿ ಸಿಮೋನ್ ‘ಹಿಪ್ಪಾಸಾ’ ಎಂಬ ಕುಲವನ್ನೂ ಸ್ಥಾಪಿಸಿದರು. ಬಿಡದಿಯನ್ನೂ ಒಳಗೊಂಡ ದಕ್ಷಿಣ ಕರ್ನಾಟಕದ ಬಯಲಿನಲ್ಲಿ ಹುಲ್ಲಿನ ಮೇಲೆ ಕಾಣುವ, ಒಂದು ಬದಿಗೆ ಕೊಳವೆಯುಳ್ಳ ಹಾಸುಬಲೆಗಳು ಸಾಮಾನ್ಯವಾಗಿ ಈ ಕುಲದವು. ಆದರೆ ಹಿಪ್ಪಾಸಾ ಲಿನಿಫಿಯಿಡೆ ಕುಟುಂಬಕ್ಕೆ ಸೇರಿದ್ದಲ್ಲ. ಅದು ತೋಳಜೇಡಗಳ ಲೈಕೋಸಿಡೆ ಕುಟುಂಬದ್ದು. ಈ ಕುಟುಂಬದ ಬಹುತೇಕ ಜೇಡಗಳು ಬಲೆಯನ್ನೇ ಕಟ್ಟದೆ ಅಲೆದಾಡಿ ಬೇಟೆಯಾಡುತ್ತವೆ. ಕಣ್ಣುಗಳ ಜೋಡಣೆ ಮತ್ತು ತಾಯಿ ಮೊಟ್ಟೆಚೀಲವನ್ನು ಹಿಂಬದಿಗೆ ಅಂಟಿಸಿಕೊಂಡು ಹೊತ್ತು ತಿರುಗುವ ರೀತಿ ಹಿಪ್ಪಾಸಾದ ನಿಜವಾದ ನಂಟನ್ನು ತೋರಿಸುತ್ತವೆ. ಈ ಕುಲದ ಭಾರತೀಯ ಪ್ರಭೇದವಾದ ಹಿಪ್ಪಾಸಾ ಗ್ರೀನಾಲಿಯೆಯನ್ನು 1867ರಲ್ಲಿ ಮೊದಲು ವರ್ಣಿಸಿದವರು ಬ್ಲ್ಯಾಕ್‌ವಾಲರೇ. ಹಾಸುಬಲೆಯ ನೇಕಾರರ ಕುಟುಂಬವನ್ನು ಕಟ್ಟಿದವರು ಈ ನೇಕಾರನನ್ನು ಅದರಲ್ಲಿ ಸೇರಿಸದೆ, ತೋಳಜೇಡಗಳ ‘ಲೈಕೋಸ’ ಕುಲದಲ್ಲಿಟ್ಟರು. ಬಲೆಗಿಂತ ದೇಹವೇ ಪ್ರಮಾಣವೆಂಬ ತತ್ತ್ವ ಅಷ್ಟು ಹೊತ್ತಿಗೆ ನೆಲೆಗೊಂಡಿತ್ತು.

ಎರಡು ಗುಂಪುಗಳ ವ್ಯತ್ಯಾಸ ಬರಿಗಣ್ಣಿಗೂ ತಿಳಿಯುವಂಥದು. ಲಿನಿಫಿಯಿಡೆಯ ಜೇಡ ಹಾಸಿನ ಕೆಳಗೆ ತಲೆಕೆಳಗಾಗಿ ತೂಗಿ, ಮೇಲೆ ಬಿದ್ದ ಹುಳವನ್ನು ಹಾಸಿನ ಮೂಲಕವೇ ಕಚ್ಚಿ ಎಳೆದುಕೊಳ್ಳುತ್ತದೆ. ಹಿಪ್ಪಾಸಾ ಕೊಳವೆಯ ಬಾಯಲ್ಲಿ ಕಾದಿದ್ದು ಹಾಸಿನ ಮೇಲೆ ಓಡಿಬಂದು ಹಿಡಿಯುತ್ತದೆ.

6. ಭಾರತದ ಅಧ್ಯಯನ ಮತ್ತು ಉಳಿದ ಕೊರತೆ

ಆರ್.ಐ. ಪೋಕಾಕ್ 1900ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಗೆ ಅಷ್ಟಪದಿಗಳ ಸಂಪುಟವನ್ನು ಬರೆದರು. ಮದರಾಸು ಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಫ್.ಎಚ್. ಗ್ರೇವ್ಲಿ 1924ರಲ್ಲಿ ಭಾರತದ ತೋಳಜೇಡಗಳನ್ನು ವಿವರಿಸಿದರು. ಸ್ವಾತಂತ್ರ್ಯಾನಂತರ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಬಿ.ಕೆ. ಟಿಕಾದರ್ 1980 ಮತ್ತು 1982ರ ಸಂಪುಟಗಳ ಮೂಲಕ ಹಾಗೂ 1987ರ ಕೈಪಿಡಿಯ ಮೂಲಕ ಈ ಶಾಸ್ತ್ರವನ್ನು ದೇಶದ ವಿದ್ಯಾರ್ಥಿಗಳಿಗೆ ತಲುಪಿಸಿದರು. ಆ ಎರಡು ಸಂಪುಟಗಳ ವಿಷಯ ಏಡಿಜೇಡ, ತೋಳಜೇಡ, ಚಕ್ರಬಲೆ ಜೇಡ ಮತ್ತು ನೆಲದ ಜೇಡಗಳ ಕುಟುಂಬಗಳು. ಸಣ್ಣ ಲಿನಿಫಿಯಿಡೆಗೆ ಅವುಗಳಲ್ಲಿ ಸ್ಥಾನ ದೊರೆಯಲಿಲ್ಲ. ರಷ್ಯಾದ ಆಂದ್ರೇ ತನಾಸೆವಿಚ್ 2011ರಲ್ಲಿ ಪಾಕಿಸ್ತಾನ ಮತ್ತು ಭಾರತದ ಲಿನಿಫಿಯಿಡೆ ಕುರಿತು ಪ್ರಕಟಿಸಿದ ಅಧ್ಯಯನದಂತಹ ಕೆಲಸಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿವೆ.

ಈ ಕೊರತೆ ಕೇವಲ ಪಂಡಿತರ ಚಿಂತೆಯಲ್ಲ. 1977ರಲ್ಲಿ ಓಯಿ ಎಂಬ ಜಪಾನಿನ ವಿದ್ವಾಂಸರು ತೈವಾನಿನಿಂದ ವರ್ಣಿಸಿದ ‘ಫಾರ್ಮೋಸಾನ’ ಎಂಬ ಪುಟ್ಟ ಲಿನಿಫಿಯಿಡೆ ಜೇಡ ಏಷ್ಯಾದ ಭತ್ತದ ಗದ್ದೆಗಳಲ್ಲಿ ಪೈರಿನ ಬುಡದಲ್ಲಿ ನೆಲೆಸಿ ಜಿಗಿಹುಳುವಿನ ಮರಿಗಳನ್ನು ತಿನ್ನುತ್ತದೆ. ರೈತನಿಗೆ ನೆರವಾಗುವ ಜೀವಿಯನ್ನು ಗುರುತಿಸಲು ಮೊದಲು ಅದಕ್ಕೊಂದು ಹೆಸರಿರಬೇಕು. ಗದ್ದೆಬಯಲುಗಳು ಬಡಾವಣೆಗಳೂ ಕೈಗಾರಿಕಾ ನಿವೇಶನಗಳೂ ಆಗುವಾಗ ದೊಡ್ಡ ಮರ ಕಡಿದದ್ದು ಎಲ್ಲರಿಗೂ ತಿಳಿಯುತ್ತದೆ. ಹೆಸರಿಲ್ಲದ ಜೀವಿ ಇಲ್ಲವಾದದ್ದನ್ನು ಯಾವ ದಾಖಲೆಯೂ ಹೇಳಲಾರದು.

7. ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ಜೇಡಗಳನ್ನು ಜನಪದರು ಕಸುಬಿನಿಂದ, ವೈದ್ಯರು ನಂಜಿನಿಂದ, ವಿಜ್ಞಾನಿಗಳು ದೇಹರಚನೆಯಿಂದ ಗುರುತಿಸಿದರು. ಹಿಪ್ಪಾಸಾವನ್ನೂ ಲಿನಿಫಿಯಿಡೆಯನ್ನೂ ಒಟ್ಟಿಗೆ ನೇಕಾರರೆಂದು ಕಾಣುವ ಜನಪದ ದೃಷ್ಟಿ ವಂಶಸಂಬಂಧದ ವಿಚಾರದಲ್ಲಿ ನಿಲ್ಲುವುದಿಲ್ಲ. ಆದರೆ ಬಲೆಯ ಆಕಾರ, ಅದು ಕಾಣುವ ಋತು, ನೆಲೆ ಇವುಗಳ ವಿಚಾರದಲ್ಲಿ ಅದು ಬೆಲೆಯುಳ್ಳ ಸಾಕ್ಷ್ಯ. ಸೀಸೆಯಲ್ಲಿಟ್ಟ ಜೇಡದಿಂದ ಈ ಸಂಗತಿಗಳು ದೊರೆಯುವುದಿಲ್ಲ.

ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೇ ಹೆದ್ದಾರಿಯ ಬದಿಯಲ್ಲಿ, ರಾಮನಗರದ ಬಳಿ ಇದೆ. ನೇಗಿಲನ್ನೂ ಮಗ್ಗವನ್ನೂ ಅಂತಹ ಸಂಗ್ರಹಾಲಯದಲ್ಲಿ ಉಳಿಸಬಹುದು. ಹುಳುಹುಪ್ಪಟೆಗಳ ಹೆಸರು ಉಳಿಯಬೇಕಾದರೆ ಹೆಸರನ್ನು ಬಲ್ಲವರು ಇರುವಾಗಲೇ, ಆ ಜೀವಿಯೂ ಕಣ್ಣೆದುರು ಇರುವಾಗಲೇ ಬರೆದುಕೊಳ್ಳಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಊರುಗಳಲ್ಲಿ ಜಾನಪದ ಕ್ಷೇತ್ರಕಾರ್ಯಕರ್ತರೂ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳೂ ಜೊತೆಯಾಗಿ ಹೋಗಿ, ಊರಿನವರು ಹೇಳುವ ಹೆಸರು, ಬಲೆ ಇದ್ದ ಜಾಗ ಮತ್ತು ಕಾಲ, ಜೇಡ ಹಾಸಿನ ಮೇಲಿತ್ತೋ ಕೆಳಗಿತ್ತೋ ಎಂಬ ವಿವರಗಳನ್ನು ಮಾದರಿಯ ಜೊತೆಯಲ್ಲೇ ದಾಖಲಿಸಿದರೆ, ವಜ್ರಕರೂರಿನ ದಾಖಲೆಯಲ್ಲಿ ಬಿಟ್ಟುಹೋದ ಭಾಗ ಇಲ್ಲಿಯ ದಾಖಲೆಯಲ್ಲಿ ಬಿಟ್ಟುಹೋಗುವುದಿಲ್ಲ. ಈ ಕೆಲಸವನ್ನು ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಇನ್ನೂ ಉಳಿದಿರುವ ಹುಲ್ಲುಗಾವಲು ಮತ್ತು ಕೆರೆಯಂಗಳಗಳಿಂದ ಆರಂಭಿಸುವುದು ಉಚಿತ.