ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಆದ ಮೇಲೆ: ಬೋಧನೆ, ಸಂಶೋಧನೆ ಕೆಲಸದ ದಾರಿಗಳು

ಸಂಖ್ಯಾಶಾಸ್ತ್ರ ಓದಿದವರೆಂದರೆ ಗಲ್ಫ್‌ನ ಕನ್ನಡ ಮನೆಗಳಲ್ಲಿ ನೆನಪಾಗುವುದು ಬ್ಯಾಂಕು, ಇನ್ಶೂರೆನ್ಸ್, ಇಲ್ಲಾಂದ್ರೆ ಐಟಿ ಕಂಪನಿ. ಕಾಲೇಜಿನಲ್ಲಿ ಪಾಠ ಮಾಡುವ, ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುವ ದಾರಿಯೂ ಇದೆ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಇದೇ ದಾರಿಯಲ್ಲಿ ನಡೆದು 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದರು. ಆದರೆ ಇಲ್ಲಿ ಅರ್ಹತೆ, ವಯಸ್ಸು, ಕಾಗದಪತ್ರ ಮೂರರ ಲೆಕ್ಕವೂ ಸರಿಯಿರಬೇಕು. ಮಗಳ ಅಡ್ಮಿಷನ್ ಇರಲಿ, ಎಂಎಸ್ಸಿ ಮುಗಿಸಿ ಮನೆಯಲ್ಲಿರುವ ಹೆಂಡತಿಯ ಕೆಲಸವಿರಲಿ, ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು.

ಅರ್ಹತೆ ಏನು?

ಭಾರತದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರದಲ್ಲಿ ಶೇ. 55 ಅಂಕ (ಮೀಸಲು ವರ್ಗಗಳಿಗೆ ಶೇ. 5 ವಿನಾಯಿತಿ) ಮತ್ತು ನೆಟ್ ಅಥವಾ ಸೆಟ್ ಬೇಕು. 2023ರ ಯುಜಿಸಿ ತಿದ್ದುಪಡಿಯ ನಂತರ ಈ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ. ಬಹಳ ಜನ ಎಡವುವುದು ಒಂದು ಕಡೆ: ಸಂಖ್ಯಾಶಾಸ್ತ್ರದವರು ಬರೆಯಬೇಕಾದದ್ದು ಸಿಎಸ್‌ಐಆರ್-ಯುಜಿಸಿ ನೆಟ್‌ನ 'ಗಣಿತ ವಿಜ್ಞಾನ' ಪತ್ರಿಕೆ. ಸಿಲಬಸ್‌ನ ನಾಲ್ಕನೇ ಘಟಕ ಪೂರ್ತಿ ಸಂಖ್ಯಾಶಾಸ್ತ್ರಕ್ಕೆ ಮೀಸಲು. 200 ಅಂಕಗಳಲ್ಲಿ 95 ಇರುವ 'ಸಿ' ಭಾಗದ 60 ಪ್ರಶ್ನೆಗಳಲ್ಲಿ 20ಕ್ಕೆ ಉತ್ತರಿಸಿದರೆ ಸಾಕು, ಅಲ್ಲಿ ತಪ್ಪಿಗೆ ಅಂಕ ಕಡಿತವೂ ಇಲ್ಲ. ಹಾಗಾಗಿ ತಮ್ಮ ವಿಷಯದ ಪ್ರಶ್ನೆ ಆರಿಸಿಕೊಂಡೇ ದಾಟಬಹುದು.

ಕೆಸೆಟ್ ಪಾಸಾದರೆ ಅರ್ಹತೆ ಕರ್ನಾಟಕದೊಳಗೆ ಮಾತ್ರ, ನೆಟ್ ಇಡೀ ದೇಶಕ್ಕೆ. ಪರೀಕ್ಷಾ ಕೇಂದ್ರ ಭಾರತದಲ್ಲಿರುವುದರಿಂದ ವಾರ್ಷಿಕ ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಜೆಆರ್‌ಎಫ್‌ಗೆ ವಯೋಮಿತಿ ಇದೆ, ಬರೀ ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಇಲ್ಲ. ಮದುವೆಯಾಗಿ ಗಲ್ಫ್‌ಗೆ ಬಂದು ಹತ್ತು ವರ್ಷ ಕಳೆದವರಿಗೂ ಬಾಗಿಲು ಮುಚ್ಚಿಲ್ಲ.

ಫೆಲೋಶಿಪ್‌ನಲ್ಲಿ ಮನೆ ನಡೆಯುತ್ತದೆಯೇ?

2023ರ ಪರಿಷ್ಕರಣೆಯಂತೆ ಜೆಆರ್‌ಎಫ್ ತಿಂಗಳಿಗೆ 37,000 ರೂ., ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆದರೆ 42,000 ರೂ. ಮನೆಬಾಡಿಗೆ ಭತ್ಯೆ ಬೇರೆ. ಐದು ವರ್ಷಕ್ಕೆ ಭತ್ಯೆ ಬಿಟ್ಟು 8.88 ಲಕ್ಷ ಮತ್ತು 15.12 ಲಕ್ಷ, ಒಟ್ಟು 24 ಲಕ್ಷ ರೂ. ಒಬ್ಬ ವಿದ್ಯಾರ್ಥಿಯ ಖರ್ಚಿಗೆ ಇದು ಸಾಕು. ಆದರೆ ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುವುದುಂಟು. ಅದನ್ನೇ ನಂಬಿ ಮನೆ ಲೋನಿನ ಕಂತು ಕಟ್ಟಲು ಹೋಗಬಾರದು. ಅತಿಥಿ ಉಪನ್ಯಾಸಕ ಕೆಲಸವೂ ಅಷ್ಟೇ: ಅನುಭವ ಸಿಗುತ್ತದೆ, ಭದ್ರತೆ ಸಿಗುವುದಿಲ್ಲ.

ಪಾಠ ಬೇಡ, ಸಂಶೋಧನೆ ಬೇಕು ಅನ್ನುವವರಿಗೆ

ಮಹಾಲನೋಬಿಸ್ 1931ರಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ (ಐಎಸ್‌ಐ) ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಇದೆ. ಅಲ್ಲಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ. ಆರೋಗ್ಯ ಕ್ಷೇತ್ರದತ್ತ ಒಲವಿದ್ದರೆ ನಿಮ್ಹಾನ್ಸ್‌ನಲ್ಲಿ ಜೈವಿಕ ಸಂಖ್ಯಾಶಾಸ್ತ್ರ ವಿಭಾಗವಿದೆ. ಕೃಷಿಯ ಕಡೆಗಾದರೆ ದೆಹಲಿಯ ಐಎಎಸ್‌ಆರ್‌ಐ. ಆಸ್ಪತ್ರೆ ಮತ್ತು ಸಂಸ್ಥೆಗಳ ಪ್ರಾಜೆಕ್ಟ್ ಹುದ್ದೆಗಳಿಗೆ ಪಿಎಚ್‌ಡಿ ಇಲ್ಲದವರನ್ನೂ ತೆಗೆದುಕೊಳ್ಳುತ್ತಾರೆ, ಆದರೆ ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಕಾಯಂ ಸರ್ಕಾರಿ ಕೆಲಸವೇ ಬೇಕಿದ್ದರೆ ಯುಪಿಎಸ್‌ಸಿ ನಡೆಸುವ ಭಾರತೀಯ ಸಂಖ್ಯಾಶಾಸ್ತ್ರ ಸೇವೆ ಇದೆ. ಸಾಮಾನ್ಯ ವರ್ಗಕ್ಕೆ ವಯಸ್ಸು 21ರಿಂದ 30.

ಗಲ್ಫ್‌ನಲ್ಲೇ ಸಿಗಬಹುದೇ?

ಒಮಾನ್‌ನ ಸುಲ್ತಾನ್ ಖಾಬೂಸ್, ಕುವೈತ್ ಮತ್ತು ರಿಯಾದ್‌ನ ಕಿಂಗ್ ಸೌದ್ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರ ವಿಭಾಗಗಳಿವೆ. ಅಧ್ಯಾಪಕ ಹುದ್ದೆಗೆ ಪಿಎಚ್‌ಡಿ ಮತ್ತು ಪ್ರಕಟಿತ ಲೇಖನಗಳು ಬೇಕು. ನೆಟ್ ಇಲ್ಲಿ ಲೆಕ್ಕಕ್ಕಿಲ್ಲ. ಓದುವ ವಯಸ್ಸಿನವರು ಜಿದ್ದಾ ಬಳಿಯ ಥುವಲ್‌ನ ಕೌಸ್ಟ್ (ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ) ಕಡೆ ನೋಡಬಹುದು. ಅಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂಎಸ್, ಪಿಎಚ್‌ಡಿ ಇವೆ. ಬೋಧನೆ ಇಂಗ್ಲಿಷಿನಲ್ಲಿ. ಫೆಲೋಶಿಪ್‌ನಲ್ಲಿ ಶುಲ್ಕ, ವಸತಿ, ಜೀವನ ಭತ್ಯೆ ಎಲ್ಲ ಸೇರುತ್ತದೆ.

ಕಾಗದಪತ್ರ

ಸೌದಿ, ಒಮಾನ್, ಬಹರೈನ್ ಅಪೊಸ್ಟಿಲ್ ಒಪ್ಪಂದದಲ್ಲಿವೆ. ಯುಎಇ, ಕತಾರ್, ಕುವೈತ್‌ಗೆ ರಾಯಭಾರ ಕಚೇರಿಯ ಅಟೆಸ್ಟೇಷನ್ ಬೇಕಾಗುತ್ತದೆ. ಊರಿಗೆ ಹೋದಾಗ ಡಿಗ್ರಿ ಸರ್ಟಿಫಿಕೇಟ್ ಜೊತೆ ಎಲ್ಲ ಸೆಮಿಸ್ಟರ್‌ನ ಅಂಕಪಟ್ಟಿಗಳನ್ನೂ ಸಿದ್ಧ ಮಾಡಿಟ್ಟುಕೊಳ್ಳಿ. ದೂರಶಿಕ್ಷಣದ ಪದವಿಗೆ ಸೇರುವವರು, ಆ ದೇಶದಲ್ಲಿ ಅದಕ್ಕೆ ಮಾನ್ಯತೆ ಸಿಗುತ್ತದೆಯೇ ಎಂದು ಫೀಸು ಕಟ್ಟುವ ಮೊದಲೇ ಕೇಳಿಕೊಳ್ಳಬೇಕು.

ಅರ್ಜಿಗೆ ಮುನ್ನ

'ಆರ್' ಎಂಬ ಉಚಿತ ಸಾಫ್ಟ್‌ವೇರ್ ಕಲಿತಿರಬೇಕು. ಸ್ಯಾಂಪಲ್ ಗಾತ್ರ ಲೆಕ್ಕ ಹಾಕಿ, ಫಲಿತಾಂಶವನ್ನು ಡಾಕ್ಟರಿಗೋ ಕೃಷಿ ವಿಜ್ಞಾನಿಗೋ ಅರ್ಥವಾಗುವಂತೆ ವಿವರಿಸಲು ಬರಬೇಕು. ಮಾಡಿದ ಒಂದು ವಿಶ್ಲೇಷಣೆಯನ್ನು ತೋರಿಸಲು ಸಿದ್ಧವಿಟ್ಟುಕೊಳ್ಳಿ. ನಿಮ್ಮ ಕೆಲಸ ಬಲ್ಲ ಇಬ್ಬರು ಅಧ್ಯಾಪಕರ ಸಂಪರ್ಕವನ್ನೂ ಉಳಿಸಿಕೊಳ್ಳಿ. ಹಲವು ವರ್ಷ ಬಿಟ್ಟು ಶಿಫಾರಸು ಪತ್ರ ಕೇಳಿದರೆ ಅವರಿಗೆ ನೆನಪಿರುವುದು ಕಷ್ಟ.